ಮೂರು ತಂತಿಯ ಗಾಡಿ

ಮಿರಜ ಸ್ಟೇಷನ್ನಿನ ಎದುರು ಹತ್ತಿದವರು
ಐದು ಮಂದಿ, ಮತ್ತೊಂದು ತಂಬೂರಿ.
ತಂಬೂರಿಗೂ ಒಂದು ಸೀಟಿನ ರೊಕ್ಕ ಕೊಟ್ಟು
ಕೌದಿ ಸುತ್ತಿ ಅದನ್ನ ಹಿಂದ ಕುಂದರಿಸಿ
ಮುಂದ ನನ್ನ ಬಾಜೂಕ ಕೂತರು ಇಲಾಹಿಸಾಬ ಮಾಸ್ತರ.
ಓಮ್ನಿಯ ಇಂಜಿನ್ ಇರೂದು ಆ ಸೀಟಿನ ಕೆಳಗ.

ಊರು ದಾಟಿದ್ದಿಲ್ಲ ಇನ್ನೂ,
‘ತಮ್ಮಾ, ಒಂದು ತಂತಿ ಇಳದೈತಿ’ ಅಂದರು.
ತಂಬೂರಿದಿರಬೇಕಂತ ಗಾಡಿ ಸಾವಕಾಶ ಮಾಡಿದೆ.
‘ಅದಲ್ಲೋ. ಇದು.’
ಅಂಗೈಲೆ ಸೀಟು ತಟ್ಟಿದರು.

ನನಗೇನು ಗೊತ್ತಿರಲಿಲ್ಲಂತಲ್ಲ.
ದೀಪಾವಳಿ ಮುಗದಾಗಿಂದ ಗೊತ್ತು.
ಮುಂಜಾನೆ ಮೂರು ಸಲ ಕೆಮ್ಮಿ ನಾಕನೇದಕ್ಕ ಏಳತಿತ್ತು.
ಹೋಗಿಬರೂದಕ್ಕ ಹನ್ನೆರಡು ಲೀಟರ ಕುಡಿಯೂದು
ಹದಿನೈದು ಕುಡದು ಇನ್ನೂ ಬಾಯಾರಿಸಿಕೊಂಡು ನಿಲ್ಲತಿತ್ತು.
ಮೂರನೇ ಗೇರಿನ್ಯಾಗ ಏರತಿದ್ದ ದಿಬ್ಬ
ಎರಡಕ್ಕ ಇಳಿಸಿಕೊಂಡು ಬೈಸಿಕೊಂಡು ಏರತಿತ್ತು.
ಆಯಿಲ್ ಬೆರಳಿಗೆ ಹಚ್ಚಿದರ ಕಾಡಿಗಿ.
ಬ್ರೇಕು ಒತ್ತಿದರ ಒಳಗೊಂದು ನಾಯಿಮರಿ.
ಮೀಟರಿನ ಕೇಬಲ್ ಹರದು
ತೊಂಬತ್ತೊಂಬತ್ತು ಸಾವಿರಕ್ಕ ನಿಂತು ವರ್ಷಾತು,
ಹಿಂಗಾಗಿ ಸರ್ವಿಸಿಂಗಿನ ಕಿಲೋಮೀಟರು
ಬಂದೇ ಇಲ್ಲಂತ ನನಗ ನಾನ ಹೇಳಿಕೊಂಡಿದ್ದೆ.
ದ್ರಾಕ್ಷಿ ಮುಗೀಲಿ, ಆಮ್ಯಾಲ ಮನೂಕಾದ ಮಂದಿ ಓಡಾಟ ಮುಗೀಲಿ…
ಗೊತ್ತಾಗೂದು ಒಂದು, ಗ್ಯಾರೇಜಿಗೆ ಒಯ್ಯೂದು ಇನ್ನೊಂದು,
ನಡುವ ಒಂದು ದಿನದ ಗಳಿಕಿ ಅಡ್ಡ ಮಲಗಿರತೈತಿ.

‘ಕಿವಿ ಭಾಳ ಚುರುಕ ಅದಾವರೀ’ ಅಂದೆ.
‘ಬಲಗಿವಿ ಹೋಗಿ ಆರು ವರ್ಷಾತು, ಎಡದ್ದು ಹೊಂಟು ನಿಂತೈತಿ.
ಈಗ ನಾ ಕೇಳೂದು ಎಲುಬಿನಿಂದ,
ತಂಬೂರಿ ಬುರುಡಿ ಎದಿಗೆ ಒತ್ತಿ ಹಿಡಕೊಂಡು.
ನಿನ್ನ ಗಾಡಿ ಕೇಳಿದ್ದು, ತಪ್ಪು ತಿಳೀಬ್ಯಾಡ, ಕುಂಡಿಯಿಂದ.’
ಹಿಂದ ಕೂತ ನರ್ಸಬಾಯಿ ಸೆರಗು ಬಾಯಿಗೆ ಹಿಡದರು.

ಕವಠೆ ಮಹಾಂಕಾಳದ ಹೊರಗ ಬೇವಿನ ನೆರಳಿಗೆ ನಿಲ್ಲಿಸಿ
ಸೀಟು ಎತ್ತಿ ಮೂರೂ ಪ್ಲಗ್ ಬಿಚ್ಚಿದೆ.
ಎರಡು, ಚಹಾದಾಗ ಅದ್ದಿದ ಬಿಸ್ಕೀಟಿನ ಬಣ್ಣ.
ನಡುವಿಂದು, ರೊಟ್ಟಿ ಹಂಚಿನ ತಳ.
ಮಾಸ್ತರ ಚೀಲದಿಂದ ತಮ್ಮ ಉಸುಕಿನ ಕಾಗದ ತಗದರು,
ತಂಬೂರಿಯ ಕುದುರಿ ತೀಡೂದು,
ಎಲುಬಿನ ಬಿಳಿ ಪುಡಿ ಇನ್ನೂ ಅದಕ್ಕ ಹತ್ತಿತ್ತು.
‘ಸಂದಿ ಎಷ್ಟು ಬಿಡೂದು?’
‘ದಾಡಿ ಬ್ಲೇಡು ಎಂಟು ಕೂಡಿಸಿದಷ್ಟು.’
‘ಅಷ್ಟು? ನಮ್ಮದು ತಂತಿ ಕೆಳಗ ಒಂದು ಎಳಿ ನೂಲು.
ಕೂದಲಷ್ಟು ಅತ್ತಾಗ ಸರದರ ದನಿ ಬಾಯಿ ಮುಚ್ಚತೈತಿ,
ಇತ್ತಾಗ ಸರಿಸಿದರ ಬಿಚ್ಚತೈತಿ.
ತಂತಿ ಹರದರ ಮಂದಿ ಓಡಿ ಬರತಾರ.
ಜವಾರಿ ಕೆಟ್ಟರ ಯಾರೂ ಬರೂದಿಲ್ಲ, ಬಾರಸತಾನ ಇರತಾರ.’
ಪ್ಲಗ್ಗಿನ ಮೂಗು ತಿಕ್ಕಿ, ಊದಿ,
ಬಿಸಲಿಗೆ ಹಿಡದು ನೋಡಿ ನನ್ನ ಕೈಯಾಗ ಇಟ್ಟರು,
ಕೂಸಿನ ಹಲ್ಲು ಇಟ್ಟಂಗ.

ಚಾವಿ ತಿರುವಿದೆ. ಒಂದೇ ಸಲಕ್ಕ ಎದ್ದಿತು.
ನನಗ ಅಷ್ಟ ಸಾಕಾಗಿತ್ತು.
ಮಾಸ್ತರ ಕಣ್ಣು ಮುಚ್ಚಿ ಕೂತು ಕೇಳತಾನ ಇದ್ದರು.
‘ಇನ್ನೂ ಒಂದು ಟಿಕ್ ಟಿಕ್ ಐತಲ್ಲ, ಮ್ಯಾಲೆಲ್ಲೋ.’
‘ಟಾಪೆಟ್ರೀ ಅದು.’
‘ಅಂದ್ರ ಗೊತ್ತೈತಿ ನಿನಗ.’

ಜತ್ತದಾಗ ಇಳದು
ಬಾಡಗಿಯಾಗ ಇಪ್ಪತ್ತು ರೂಪಾಯಿ ಮುರಕೊಂಡರು,
ಉಸುಕಿನ ಕಾಗದದ ಲೆಕ್ಕ.
ವಾದ ಹಾಕಿದೆ. ಸೋತೆ.
ಕೌದಿಯ ಗಂಟು ಹೆಗಲಿಗೆ ಆತುಕೊಂಡು
ಭಜನಿ ಮಂದಿಯ ಓಣಿ ಹೊಕ್ಕರು.

ಅವತ್ತ ರಾತ್ರಿ ಆಯಿಲ್ ಬದಲಿಸಿ
ಬಿಸಲಪಟ್ಟಿಯ ಹಿಂದ ಪೆನ್ಸಿಲಲೆ ತಾರೀಖು ಬರದೆ.
ಅದರ ಕೆಳಗ ‘ಟಾಪೆಟ್’ ಅಂತ ಬರದು
ಮುಂದ ಜಾಗಾ ಬಿಟ್ಟೀನಿ.
ದ್ರಾಕ್ಷಿ ಇನ್ನೂ ಬಳ್ಳ್ಯಾಗ ಐತಿ.
ದಿಬ್ಬದ ಮ್ಯಾಲ ಟಿಕ್ ಟಿಕ್ ಬಂತಂದರ
ರೇಡಿಯೋದ ದನಿ ಒಂದು ಗೀರು ಏರಸತೀನಿ,
ಮತ್ತ ಇಳಸತೀನಿ.