ಅಂಟು

ಅಂಚೆಚೀಟಿ ಬಿಡಿಸುವುದಕ್ಕೊಂದು ಕ್ರಮವಿದೆ.
ಎಳೆಯಬಾರದು. ನೀರು ಉಗುರುಬೆಚ್ಚಗಿರಬೇಕು.
ಮುಖ ಮೇಲೆ ಮಾಡಿ ತೇಲಿಬಿಟ್ಟು
ಒಂದು ಲೋಟ ಸುಲೇಮಾನಿ ಕುಡಿಯುವಷ್ಟು ಹೊತ್ತು ಕಾದರೆ
ತಾನಾಗಿಯೇ ಲಕೋಟೆಯನ್ನು ಬಿಟ್ಟು ಬರುತ್ತದೆ,
ನಿದ್ದೆಹೋದ ಮಗುವಿನ ಮುಷ್ಟಿಯಿಂದ ಪೆಪ್ಪರಮಿಂಟು ಬಂದ ಹಾಗೆ.

ಈ ವಿದ್ಯೆಯನ್ನು ನಾನು ಗುರುವಾರ ರಾತ್ರಿ
ಬಾಗಿಲಿನ ಮೇಲೆ ಪ್ರಯೋಗಿಸುತ್ತೇನೆ.

ಅಜ್ಮಾನ್, ನುಐಮಿಯಾ, ಲಾಂಡ್ರಿಯ ಮೇಲೆ ಮೂರನೇ ಮಾಳಿಗೆ.
ಶುಕ್ರವಾರ ಜುಮ್ಮಾ ಮುಗಿದ ಮೇಲೆ ಐದು ಜನ ಸೇರುತ್ತೇವೆ,
ಚಿಮುಟ, ಭೂತಗನ್ನಡಿ, ಬಿಸ್ಕತ್ತಿನ ಡಬ್ಬಿಗಳೊಂದಿಗೆ.
ನಮಗಿಂತ ಮೊದಲೇ ಬಾಗಿಲಲ್ಲಿ ಸೇರಿರುವವರು ಬೇರೆ:
ಬೆಡ್‌ಸ್ಪೇಸ್ ಇದೆ, ಸಸ್ಯಾಹಾರಿಗಳಿಗೆ ಮಾತ್ರ.
ಮನೆಬಾಗಿಲಿಗೆ ಕಾರ್ಗೋ, ಕಿಲೋಗೆ ಆರು.
ಸಂಬಳ ಮೂರು ಸಾವಿರವೇ? ಸಾಲ ನಾಳೆಯೇ.
ಹೊಟ್ಟೆ ಕರಗಿಸುವ ಚಹಾ. ಬೋಳುತಲೆಗೆ ಕೂದಲು.
ತುಟಿ ಉಬ್ಬಿಸಿಕೊಂಡವಳ ಮಸಾಜು ಕಾರ್ಡನ್ನಂತೂ
ಬೀಗದ ಕಣ್ಣಿಗೇ ಸಿಕ್ಕಿಸಿರುತ್ತಾರೆ,
ಕೀಲಿ ತಿರುಗಬೇಕಾದರೆ ಅವಳು ಸರಿಯಬೇಕು.
ಲಿಗೋರಿ ಮಾಮ ಕಣ್ಣುಮುಚ್ಚಿಯೇ ಸರಿಸುತ್ತಾರೆ,
ಆಮೇಲೆ ನಂಬರನ್ನು ತಪ್ಪಿಲ್ಲದೆ ಹೇಳುತ್ತಾರೆ.

ಒಬ್ಬ ಒಳಗೇ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ.
ನಾನೂ ಸಂಗ್ರಾಹಕ ಅಂದ. ಹತ್ತು ನಿಮಿಷ
ಹಂಗೇರಿಯ ತ್ರಿಕೋನ ಚೀಟಿಗಳ ಬಗ್ಗೆ ಎಷ್ಟು ಚೆಂದ ಮಾತಾಡಿದ!
ಅಚ್ಯುತ ಗಾಣಿಗರು ಎದ್ದು ತಮ್ಮ ಕುರ್ಚಿ ಕೊಟ್ಟರು.
ಹನ್ನೊಂದನೇ ನಿಮಿಷಕ್ಕೆ ಚೀಲದಿಂದ
ನೀರು ಶುದ್ಧಮಾಡುವ ಯಂತ್ರ ಹೊರಬಂತು,
ನಮ್ಮ ಕೆಳಗೆ ಆರಾರು ಜನರನ್ನು ಸೇರಿಸಿದರೆ ನಾವೂ ಕೋಟ್ಯಧೀಶರು.
ಚಹಾ ಕುಡಿಸಿಯೇ ಕಳಿಸಿದೆವು.
ಅವತ್ತೇ ಬಾಗಿಲ ಒಳಬದಿಗೆ ನನ್ನ ಕೈಬರಹ:
ಇಲ್ಲಿ ಯಾರೂ ಏನನ್ನೂ ಮಾರತಕ್ಕದ್ದಲ್ಲ.
‘ತಕ್ಕದ್ದಲ್ಲ’ ಸ್ವಲ್ಪ ಜೋರಾಯಿತೆಂದು ಇದಿನಬ್ಬ ನಕ್ಕ.

ಇದಿನಬ್ಬ ಉಚ್ಚಿಲದವ. ಇಪ್ಪತ್ತೆರಡು ವರ್ಷದಿಂದ
ಬಂದರಿನ ಗೋದಾಮಿನಲ್ಲಿ ಲೆಕ್ಕ ಬರೆಯುತ್ತಾನೆ.
ಅವನು ಕೂಡಿಸಿದ್ದು ಅಜ್ಮಾನ್ ಒಂದನ್ನೇ:
ಈ ಪುಟ್ಟ ಊರು ಒಂದು ಕಾಲದಲ್ಲಿ
ಪರದೇಶದ ಹುಡುಗರ ಚಿಲ್ಲರೆಗಾಗಿ ಅಚ್ಚು ಹಾಕಿಸಿದ ರಾಶಿ ಚೀಟಿ.
ಮರಳಿನ ನಾಡಿನ ಹೆಸರು ಹೊತ್ತು ಹಿಮದ ಮೇಲೆ ಜಾರುವವರು,
ರಾಕೆಟ್ಟು, ಹುಲಿ, ಯಾರೋ ಬಿಡಿಸಿದ ಬೆತ್ತಲೆ ರಾಣಿ.
ಬಹುಪಾಲು ಯಾವ ಮನೆಗೂ ಒಂದು ಕಾಗದ ಮುಟ್ಟಿಸಲಿಲ್ಲ.
‘ಚೀಟಿಯಲ್ಲ ಇವು, ಬರೀ ಜಾಹೀರಾತು’ ಎಂದು ಗಾಣಿಗರು ಕೆಣಕಿದರೆ
‘ಇರಲಿ ಮಾರಾಯ್ರೆ,
ಯಾರಾದರೂ ಒಬ್ಬ ಇಟ್ಟುಕೊಳ್ಳಬೇಕಲ್ಲ’ ಅನ್ನುತ್ತಿದ್ದ.

ಕಳೆದ ರಾತ್ರಿ ನನಗೆ ಅವಸರ.
ಕೆಟಲಿನ ಹಬೆ ಹಿಡಿದೆ, ಒದ್ದೆಬಟ್ಟೆ ಒತ್ತಿದೆ,
ಸಾಲ ಸುಲಿದು ಬಂತು, ಕಾರ್ಗೋ ಅರ್ಧ ಹರಿಯಿತು.
ನಡುವೆ ಒಂದು ಮಾತ್ರ
ನೀರು ಸೋಕುವ ಮೊದಲೇ, ಬೆರಳು ತಾಗಿದ್ದೇ ತಡ, ಕೈಗೆ ಬಂತು.
ಸದ್ಯ, ಎಂದು ಬಕೆಟ್ಟಿಗೆ ಹಾಕಿದೆ.

ಬಚ್ಚಲಲ್ಲಿ ಚೆಲ್ಲುವಾಗ ಅದೇ ಮೇಲೆ ತೇಲುತ್ತಿತ್ತು.
ನೀಲಿ ಶಾಯಿ. ದುಂಡು ಅಕ್ಷರ.
ಅಜ್ಮಾನ್ ಪೂರ್ತಿ, ಹನ್ನೊಂದು ಆಲ್ಬಂ.
ಆಮೇಲೆ ಬೆಲೆ ಇದ್ದಿರಬೇಕು, ಕದಡಿ ಆಕಾಶವಾಗಿತ್ತು.
ಕೊನೆಗೆ: ಈ ತಿಂಗಳೊಳಗೆ. ವೀಸಾ ಮುಗಿಯಿತು.

ಮಗುಚಿ ನೋಡಿದೆ. ಬೆನ್ನಿಗೆ ಒಂದು ಹಿಂಜು,
ಆಲ್ಬಮ್ಮಿನಲ್ಲಿ ಚೀಟಿ ಕೂರಿಸುವ ಆ ತೆಳ್ಳನೆಯ ಕಾಗದ,
ಮಡಚಿ, ತುದಿಗಷ್ಟೇ ಎಂಜಲು ತಾಗಿಸಿ ಅಂಟಿಸಿದ್ದು.
ಬಾಗಿಲಿಗೆ ಕಲೆಯಾಗಬಾರದಲ್ಲ.
ಅದೂ ಹೊರಬದಿಗೆ.
ಒಳಬದಿಯಲ್ಲಿ ನನ್ನ ಬರಹವಿತ್ತು.

ಒತ್ತುಕಾಗದದ ನಡುವೆ ಒಣಗಿಸಿದ್ದೇನೆ, ಮೂಲೆ ಮುದುಡದಂತೆ.
ಬೆಳಿಗ್ಗೆ ನೋಡಿದರೆ ಬಾಗಿಲು ಎಷ್ಟು ಶುಚಿಯಾಗಿದೆಯೆಂದರೆ
ಬಡಿಯಲು ಯಾರಿಗೂ ಧೈರ್ಯ ಬರಲಾರದು.

ಜುಮ್ಮಾ ಮುಗಿದಿದೆ. ಮೆಟ್ಟಿಲಲ್ಲಿ ಕೆಮ್ಮು.
ಕಾರ್ಗೋದ ಹುಡುಗನದೂ ಇರಬಹುದು.
ಬಾಗಿಲು ತೆರೆದೇ ಇಟ್ಟಿದ್ದೇನೆ.