ಮುಚ್ಚಳದ ಪಾಳಿ

ಲುಬ್ಲಿನ್ ಪಟ್ಟಣದಲ್ಲಿ ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ
ಕೊನೆಯ ಟ್ರಾಲಿಬಸ್ಸು ನನ್ನದು.
ಕೇಳಿ ಹಾಕಿಸಿಕೊಳ್ಳುತ್ತೇನೆ ಈ ಪಾಳಿ.
ಮಕ್ಕಳೊಂದಿಗರು ಬೇಗ ಮನೆ ಸೇರಲಿ ಎಂದು;
ಹಾಗೆಂದು ಡಿಪೋದಲ್ಲಿ ಹೇಳುತ್ತೇನೆ.

ನಮ್ಮ ಕಡೆ ಮೊದಲ ನಕ್ಷತ್ರ ಕಾಣುವವರೆಗೆ
ಯಾರೂ ತುತ್ತು ಎತ್ತುವಂತಿಲ್ಲ.
ಮೇಜುಬಟ್ಟೆಯಡಿ ಒಂದು ಹಿಡಿ ಒಣಹುಲ್ಲು,
ಹನ್ನೆರಡು ಬಗೆಯ ಅಡುಗೆ,
ಮತ್ತೆ ಒಂದು ತಟ್ಟೆ ಹೆಚ್ಚಿಗೆ:
ದಾರಿ ತಪ್ಪಿದವರು ಕದ ತಟ್ಟಿದರೆ ಇರಲಿ ಅಂತ.
ನೀಲಿ ಅಂಚಿನದು. ಅಮ್ಮ ಅದನ್ನು ಎರಡೆರಡು ಸಲ ಒರೆಸುತ್ತಿದ್ದಳು.
ನಾನು ಹುಟ್ಟಿದಾಗಿನಿಂದ ಅದರಲ್ಲಿ ಯಾರೂ ಉಂಡಿಲ್ಲ.
ಲೆಕ್ಕಕ್ಕುಂಟು, ಊಟಕ್ಕಿಲ್ಲ.

ಹನ್ನೊಂದು ವರ್ಷದ ಕೆಳಗೆ ಆ ಹೊಸ್ತಿಲಲ್ಲಿ
ಮಿರೆಲಾಳ ಕೈ ಹಿಡಿದು ನಿಂತಿದ್ದೆ.
ಅವಳ ಇನ್ನೊಂದು ಕೈಯಲ್ಲಿ ಗಸಗಸೆ ಕೇಕು.
ಅಮ್ಮ ಕೇಕು ನೋಡಿದಳು, ಕೈಗಳನ್ನು ನೋಡಿದಳು,
ತಿರುಗಿ ಮೇಜನ್ನೂ ನೋಡಿದಳು.
“ಒಬ್ಬಳಿಗೆ ಮಾತ್ರ ಜಾಗ ಇದೆ, ಬೊಗ್ನಾ.”
ಅವಳ ಬೆನ್ನ ಹಿಂದೆ ನೀಲಿ ಅಂಚಿನ ತಟ್ಟೆ
ಮೇಣದ ಬೆಳಕಲ್ಲಿ ಮಿನುಗುತ್ತಿತ್ತು.

ಬಸ್ ನಿಲ್ದಾಣದಲ್ಲಿ ಕೂತು ಕೇಕು ತಿಂದೆವು. ಚೆನ್ನಾಗಿತ್ತು.
ಮಿರೆಲಾಳೂ ಆಮೇಲೆ ಹೋದಳು. ಅದು ಬೇರೆ ಕಥೆ.

ಈಗ ನಮ್ಮದು ಐದನೇ ಮಹಡಿ, ಲಿಫ್ಟು ಕೆಟ್ಟಿದೆ.
ಗ್ರಾಜಿನಾ: ಎಪ್ಪತ್ತೆರಡು, ಗಂಡನ ಪಿಂಚಣಿ, ಬಾಯಿತುಂಬ ಬೈಗುಳ.
ಖಾರ್ಕಿವ್‌ನಿಂದ ಒಂದು ಚೀಲ, ಒಂದು ಬೆಕ್ಕು ಹೊತ್ತು ಬಂದ ಓಲೆಹ್.
ತನಗೆ ತಾನೇ ಹೆಸರಿಟ್ಟುಕೊಂಡ ಹುಡುಗ ತಿಮೋನ್;
ಹಳೆಯ ಹೆಸರು ಕೇಳಬೇಡಿ, ನಮಗೂ ಗೊತ್ತಿಲ್ಲ.
ಕರುಳಬಳ್ಳಿಯಲ್ಲ, ಕಳ್ಳುಬಳ್ಳಿಯಲ್ಲ.
ಬಳ್ಳಿ ಅಂದರೆ ನನ್ನ ತಲೆ ಮೇಲಿನ ಈ ಎರಡು ತಂತಿ,
ಇದನ್ನೇ ಹಿಡಿದು ಮನೆ ಮುಟ್ಟುತ್ತೇನೆ.

ಮೊದಲ ವರ್ಷ ಶಾಸ್ತ್ರೋಕ್ತವಾಗಿ ಜೀವಂತ ಕಾರ್ಪ್ ಮೀನು ತಂದು
ಸ್ನಾನದ ತೊಟ್ಟಿಯಲ್ಲಿ ಬಿಟ್ಟೆವು.
ಕೊಲ್ಲುವವರು ಯಾರು? ಗ್ರಾಜಿನಾ ಸುತ್ತಿಗೆ ಹಿಡಿದು ಒಳಹೋದಳು.
ಏನೋ ಮಾತಾಡುವುದು ಕೇಳಿಸಿತು.
ಹೊರಬಂದು ಅಂದಳು: “ಥೇಟ್ ನನ್ನ ಗಂಡನ ಮೂತಿ.”
ನಾಲ್ಕು ದಿನ ಯಾರೂ ಮೀಯಲಿಲ್ಲ.
ಐದನೆಯ ದಿನ ಪಕ್ಕದ ಮನೆಯವರಿಗೆ ಕೊಟ್ಟೆವು,
ಏನು ಮಾಡಿದಿರೆಂದು ಕೇಳಲಿಲ್ಲ.
ಅಂದಿನಿಂದ ತಿಮೋನ್ ಹಳೆಯ ಟಿಕೆಟ್ಟುಗಳನ್ನು ಅಂಟಿಸಿ ಮೀನು ಮಾಡುತ್ತಾನೆ;
ಅದು ತೇಲಿ, ನೆನೆದು, ಮುಳುಗುವಷ್ಟರಲ್ಲಿ
ಬೀಟ್‌ರೂಟಿನ ಸಾರು ಕುದಿದಿರಬೇಕು.

ಹನ್ನೆರಡು ಬಗೆ ಎಲ್ಲಿಂದ ಬರಬೇಕು?
ಉಪ್ಪನ್ನೂ ಎಣಿಸುತ್ತೇವೆ. ಉಪ್ಪಿನಕಾಯಿ ಜಾಡಿಯ ನೀರನ್ನೂ.
ಒಂದು ವರ್ಷ ಬೆಕ್ಕಿನ ಊಟ ಸೇರಿಸಿದ ಮೇಲೆ ಲೆಕ್ಕ ಸರಿಹೋಯಿತು.

ನಕ್ಷತ್ರವಂತೂ ಈ ಮೋಡದಲ್ಲಿ ಕಾಣುವುದೇ ಇಲ್ಲ.
ಅವರು ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ಬೀದಿ ನೋಡುತ್ತಾರೆ:
ತಂತಿಗೆ ಕಟ್ಟಿದ ಹಿಮಕ್ಕೆ ನನ್ನ ಬಸ್ಸಿನ ಕೋಲು ತಾಗಿ
ತಿರುವಿನಲ್ಲಿ ಚಟ್ಟೆಂದು ನೀಲಿ ಕಿಡಿ ಹಾರಿದರೆ
ಅದೇ ನಕ್ಷತ್ರ.
“ಬಂತು!” ಎಂದು ಓಲೆಹ್ ಕೂಗುತ್ತಾನಂತೆ.
ನನಗೆ ಕೇಳಿಸುವುದಿಲ್ಲ. ಹೀಟರಿನ ಸದ್ದು.

ಅದಕ್ಕೂ ಮೊದಲು ಒಂದು ನಿಲ್ದಾಣವಿದೆ.
ಅಮ್ಮನ ಕಿಟಕಿ ನೆಲಮಹಡಿಯದು, ಪರದೆ ಎಳೆಯುವುದಿಲ್ಲ ಅವಳು.
ಹತ್ತುವವರಿಲ್ಲ, ಇಳಿಯುವವರಿಲ್ಲ.
ನಿಯಮದಂತೆ ಬಾಗಿಲು ತೆರೆಯುತ್ತೇನೆ.
ಚಳಿ ಹತ್ತಿ ಬಂದು ಖಾಲಿ ಸೀಟುಗಳಲ್ಲಿ ಕೂರುತ್ತದೆ.
ಮೇಜು, ಮೇಣ, ನೀಲಿ ಅಂಚು.
ಒಂದು ನಿಮಿಷ, ವೇಳಾಪಟ್ಟಿಯಲ್ಲಿ ಇಲ್ಲದ್ದು.
ಬಾಗಿಲು ಮುಚ್ಚುತ್ತೇನೆ.

ನಮ್ಮಲ್ಲಿ ಹೆಚ್ಚಿನ ತಟ್ಟೆ ಇಲ್ಲ. ಇರುವುದೇ ಮೂರು.
ಕೊನೆಗೆ ಬಂದವರಿಗೆ ಪಾತ್ರೆಯ ಮುಚ್ಚಳ, ಅಂಗಾತ.
ಮೊದಲ ಸೌಟು ಅದಕ್ಕೇ ಬೀಳಬೇಕು, ಇದು ನಾವೇ ಮಾಡಿಕೊಂಡ ಶಾಸ್ತ್ರ.
ಹೋದ ವರ್ಷ ತಿಮೋನ್ ಹೊಸ ತಟ್ಟೆ ತರುತ್ತೇನೆ ಅಂದ;
ಗ್ರಾಜಿನಾ ಅದೇ ಸೌಟು ಎತ್ತಿದಳು, ಹೊಡೆಯಲು.

“ತಡ ಮಾಡಿದೆ” ಅನ್ನುತ್ತಾರೆ. ಯಾಕೆಂದು ಕೇಳುವುದಿಲ್ಲ.
ಮುಚ್ಚಳ ತನ್ನ ಗುಬುಟಿನ ಮೇಲೆ ನಿಲ್ಲಲಾರದೆ ಓಲಾಡುತ್ತದೆ.
ಒಂದು ಕಡೆ ಓಲೆಹ್, ಒಂದು ಕಡೆ ಗ್ರಾಜಿನಾ
ಬೆರಳು ಕೊಟ್ಟು ಹಿಡಿಯುತ್ತಾರೆ
ನಾನು ಉಂಡು ಮುಗಿಸುವವರೆಗೆ,
ತಮ್ಮ ಸಾರು ಆರುತ್ತಿದ್ದರೂ.