ಹನ್ನೆರಡನೆಯ ಮನೆ

ಭಾಯಖಳಾ ಸೇತುವೆಯ ಬುಡದಲ್ಲಿ ನನ್ನ ಅಂಗಡಿ.
ಅಜ್ಜ ವಿಜಾಪುರದಿಂದ ಹೊತ್ತು ತಂದ ಒತ್ತುಮಣೆ,
ಮೈದಾ ಅಂಟಿನ ತಪ್ಪಲೆ,
ಹೆಸರಿಗೇ ಮೆತ್ತಿಕೊಂಡ ಕಸುಬು: ಜಿಲ್ದಗಾರ.
ವಕೀಲರ ಕಡತ, ಸೇಟುಗಳ ಖಾತೆ, ಯಾವ ದೇವರ ಪುಸ್ತಕವಾದರೂ
ಇಲ್ಲಿ ಬೆನ್ನು ನೆಟ್ಟಗಾಗುವುದು ಒಂದೇ ದಾರದಿಂದ.

ಶನಿವಾರ ಬಂದರು ಮೂವರು, ಕನ್ನಡ ಸಭೆಯವರು.
ಹೊಸ ಪಾದ್ರಿ ಅನುಗ್ರಹ ಬೆಟಗೇರಿ, ಮೀಸೆ ಇನ್ನೂ ಎಳೆಯದು,
ಖಜಾಂಚಿ ಯೋನಪ್ಪ, ಕಂಕುಳಲ್ಲಿ ಕೊಡೆ,
ಕಣ್ಣು ಮಂಜಾದ ಸುವಾರ್ತಮ್ಮ.
ಮಿಲ್ಲಿನ ಟವೆಲ್ಲಿನಲ್ಲಿ ಸುತ್ತಿದ ಪುಸ್ತಕವನ್ನು
ಮಗುವಿನ ಹಾಗೆ ಅವಳೇ ಎತ್ತಿಕೊಂಡಿದ್ದಳು.

ಬಿಚ್ಚಿದೆ. ಹೊಲಿಗೆ ಸತ್ತು ಎಷ್ಟೋ ಕಾಲ.
ಯಾವ ಪುಟ ಓದಿದ್ದೀರಿ ಎಂದು ನಾನು ಯಾರನ್ನೂ ಕೇಳುವುದಿಲ್ಲ,
ಕೆಳಗಿನ ಮೂಲೆ ಹೇಳುತ್ತದೆ.
ವಂಶಾವಳಿಗಳು ನಿನ್ನೆ ಅಚ್ಚಾದಂತಿವೆ,
ಅಳುವಿನ ಪುಟಗಳು ಬೆರಳ ಜಿಡ್ಡಿಗೆ ಕಪ್ಪಾಗಿ
ಆಚೆಯ ಅಕ್ಷರ ಈಚೆಗೆ ಕಾಣುತ್ತದೆ.

ಕೊನೆಗೊಂದು ಹಾಳೆ, ಶಾಲೆಯ ವಹಿಯಿಂದ ಹರಿದದ್ದು,
ನಾಲ್ಕು ಮಡಿಕೆ, ನೇರಳೆ ಶಾಯಿ.
ಮುಷ್ಕರದ ವರ್ಷ ಆಸ್ಪತ್ರೆಯ ಮಂಚದಿಂದ
ಉಪದೇಶಿ ಲೇವಣ್ಣ ಬರೆದದ್ದು:
*ಹಾರ್ಮೋನಿಯಂ ಮಾರ್ರಿ. ಬಂದ ರೊಕ್ಕದಾಗ ಜೋಳ ತಂದು
ಹನ್ನೊಂದು ಮನಿಗೆ ಹಂಚ್ರಿ. ಲೆಕ್ಕಾ ಇಡಬ್ಯಾಡ್ರಿ.*
ಅವನು ತೀರಿದ ದಿನ, ವರ್ಷಕ್ಕೊಮ್ಮೆ,
ಇದನ್ನೂ ಪೀಠದಿಂದ ಓದುತ್ತಾರಂತೆ.

“ಇದನ್ನೂ ಒಳಗ ಹೊಲೀರಿ” ಎಂದಳು ಮುದುಕಿ.
“ಜೋಳದ ಚೀಟಿನ? ದೇವರ ಮಾತಿನ ಜೋಡಿ?”
ಕೊಡೆಯ ತುದಿಯಿಂದ ನೆಲ ಕುಟ್ಟಿದ ಯೋನಪ್ಪ.
ಮೇಲೆ ಲೋಕಲ್ ಹಾದು ಹೋಗಿ ಡಬ್ಬಿಯ ಸೂಜಿಗಳು ನಡುಗಿದವು.

ಪಾದ್ರಿ ನನ್ನ ಸ್ಟೂಲಿನ ಮೇಲೆ ಕೂತ.
ಹೇಳಿದ್ದು ನನಗೆ, ಕೇಳಬೇಕಾದವರು ಅವರಿಬ್ಬರು:
ಮೊದಮೊದಲು ನಮಗೂ ಪುಸ್ತಕವಿರಲಿಲ್ಲ, ಗಂಟಿತ್ತು.
ಒಂದೂರಿಗೆ ಬಂದ ಓಲೆಯನ್ನು ನಕಲು ಮಾಡಿ
ಇನ್ನೊಂದೂರಿಗೆ ಕಳಿಸುತ್ತಿದ್ದರು.
ಕಂಡವರನ್ನು ಕಂಡವರು ಬದುಕಿರುವಾಗ
ಕಾಗದವೇಕೆ ಎಂದ ಒಬ್ಬ ಮುದುಕ.
ಒಂದು ಸಭೆ ಕಣ್ಣಿಗೊತ್ತಿಕೊಂಡದ್ದನ್ನು
ಪಕ್ಕದ ಸಭೆ ಕಪಾಟಿನ ಮೇಲಿಟ್ಟಿತು.
ಆಮೇಲೆ ಸಿಪಾಯಿಗಳು ಬಂದರು, ಪುಸ್ತಕ ಕೊಡಿ, ಸುಡುತ್ತೇವೆ ಎಂದು.
ಒಬ್ಬ ವೈದ್ಯದ ಹೊತ್ತಿಗೆ ಕೊಟ್ಟು ಸಾಗಹಾಕಿದ.
ಕೊಟ್ಟರೆ ಪಾಪವಲ್ಲದ್ದು ಯಾವುದು,
ಕೊಡದೆ ಸಾಯಬೇಕಾದದ್ದು ಯಾವುದು?
ಬಾಗಿಲು ಬಡಿಯುವಾಗ
ಎಲ್ಲರ ಮನಸ್ಸಿನಲ್ಲೂ ಒಂದು ಪಟ್ಟಿ ತಯಾರಾಯಿತು.

“ಹಂಗಾರ ಇದಕ್ಕ ಸಾಯಾಂವ ಯಾಂವ?” ಎಂದ ಯೋನಪ್ಪ.
ಪಾದ್ರಿ ಸುಮ್ಮನಾದ. ನಾನೂ.

ಆಗ ಸುವಾರ್ತಮ್ಮ, ಯಾರೂ ಕೇಳದೆ,
ಚೀಟಿಯನ್ನು ಬಾಯಿಪಾಠ ಹೇಳತೊಡಗಿದಳು.
ಹಾಳೆ ನನ್ನ ಕೈಯಲ್ಲಿತ್ತು, ಬೆರಳಿಟ್ಟು ಹಿಂಬಾಲಿಸಿದೆ.
ಅಲ್ಪವಿರಾಮ ಕೂಡ ತಪ್ಪಲಿಲ್ಲ. ಆದರೆ
“ಹನ್ನೆರಡು ಮನಿಗೆ ಹಂಚ್ರಿ” ಎಂದಳು.

“ಅಮ್ಮಾ, ಇಲ್ಲಿ ಹನ್ನೊಂದು ಅಂತದ.”

“ಗೊತ್ತದ. ಬರಿಯಾಗ ತನ್ನ ಮನಿ ಬಿಟ್ಟಿದ್ದ ಅಂವ.
ಮೊದಲ್ನೇ ಸಲ ಓದಿದ ದಿನಾನ ನಾವು ಕೂಡಿಸೀವಿ.”

ಖಜಾಂಚಿಯ ಕೊಡೆ ನೆಲ ಕುಟ್ಟುವುದನ್ನು ನಿಲ್ಲಿಸಿತು.
ಅವನು ಆ ವರ್ಷ ಎಂಟರ ಹುಡುಗ,
ಹನ್ನೆರಡರಲ್ಲಿ ಎಷ್ಟನೆಯ ಮನೆ ತನ್ನದೆಂದು ಅವನೂ ಹೇಳಲಿಲ್ಲ.

ಅವರು ಹೋದ ಮೇಲೆ ರಾತ್ರಿಯಿಡೀ ಹೊಲಿದೆ.
ಕೊನೆಯ ಪುಟಕ್ಕೂ ರಟ್ಟಿಗೂ ನಡುವೆ
ಬೆರಳಗಲದ ಒಂದು ಬಟ್ಟೆಯ ಪಟ್ಟಿ ಸೇರಿಸಿದೆ,
ಒಂದು ಹಾಳೆ ಹಿಡಿಯುವಷ್ಟು.
ಚೀಟಿಯನ್ನು ಅದಕ್ಕೆ ತಾಗಿಸಿ ಮಡಚಿಟ್ಟೆ.

ಬಿಲ್ಲಿನಲ್ಲಿ ಬರೆದೆ: ಹೊಲಿಗೆ, ರಟ್ಟು, ಕಪ್ಪು ಬಟ್ಟೆ, ಕೂಲಿ.
ಅದರ ಕೆಳಗೆ, ಸಣ್ಣಗೆ:
ಪಟ್ಟಿಗೆ ದುಡ್ಡಿಲ್ಲ. ಅಂಟು ಹಚ್ಚಿಲ್ಲ.